ಊರಿನ ಗಿರಾಕಿಗೆ ಗೈಡ್ ಸಿಗುವುದು ಕಷ್ಟ: ಅಲಾಸ್ಕಾದ ಒಂದು ಕರಡಿ ಬೇಟೆಯ ಪ್ರಕರಣ

ಅಲಾಸ್ಕಾಗೆ ಹೊರ ರಾಜ್ಯದಿಂದ ಕಂದು ಕರಡಿ ಬೇಟೆಗೆ ಬರುವವರ ಜೊತೆ ಲೈಸೆನ್ಸ್ ಇರುವ ಗೈಡ್ ಇರಲೇಬೇಕು. ಇಲ್ಲವೇ ಅಲ್ಲೇ ನೆಲೆಸಿದ, 19 ತುಂಬಿದ ಹತ್ತಿರದ ಸಂಬಂಧಿಯಾದರೂ ಇರಬೇಕು. ಅಲ್ಲಿನ ನಿವಾಸಿಗೆ ಈ ಕಟ್ಟುಪಾಡು ಇಲ್ಲ. 45 ಡಾಲರಿಗೆ ಬೇಟೆ ಲೈಸೆನ್ಸ್, ಬೇಕಾದ ಕಡೆ 25 ಡಾಲರಿನ ಟ್ಯಾಗ್, ಅಂದರೆ ಹೊಡೆದ ಕರಡಿಗೆ ಕಟ್ಟುವ ಬಿಲ್ಲೆ, ಇಷ್ಟಿದ್ದರೆ ಕೋವಿ ಹೆಗಲಿಗೆ ಹಾಕಿಕೊಂಡು ಒಬ್ಬನೇ ಹೊರಡಬಹುದು. ಕೇಳಲು ಚೆನ್ನಾಗಿದೆ. ಆದರೆ ಕಾನೂನು ಬೇಡ ಎಂದರೂ ತನಗೆ ಗೈಡ್ ಬೇಕೇ ಬೇಕು ಎನ್ನುವ ನಿವಾಸಿ ಎಲ್ಲಿಗೆ ಹೋಗಬೇಕು? ನನ್ನ ಗೆಳೆಯನೊಬ್ಬನ ಪ್ರಕರಣ ಪೂರ್ತಿ ಇದೇ ಪ್ರಶ್ನೆ.

ಅವನು ಮಡಿಕೇರಿ ಕಡೆಯ ಕೊಡವ. ವೃತ್ತಿಯಲ್ಲಿ ಇಂಜಿನಿಯರ್, ಕೈಯಲ್ಲಿ ಗ್ರೀನ್ ಕಾರ್ಡ್. ಟೆಕ್ಸಸ್‌ನಿಂದ ಆಂಕರೇಜ್‌ಗೆ ವರ್ಗವಾಗಿ ಬಂದವನು. ಕೋವಿ ಅವನಿಗೆ ಹೊಸದಲ್ಲ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಮನೆಯಲ್ಲಿ ಬೆಳೆದವನು. ಆದರೆ ತೆಂಗಿನಕಾಯಿ ತಿರುಗಿ ಮೈಮೇಲೆ ಬರುವುದಿಲ್ಲ, ಅಲ್ವಾ. ಅಲಾಸ್ಕಾ ಪರ್ಯಾಯ ದ್ವೀಪದ ಗಂಡು ಕರಡಿ 400 ಕಿಲೋ ದಾಟುವ ಪ್ರಾಣಿ. ಅದನ್ನು ಪೊದೆಯಲ್ಲಿ ಗಾಯಗೊಳಿಸಿ ಬಿಟ್ಟರೆ ಮುಂದೇನು ಎನ್ನುವುದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಅದಕ್ಕೇ ಗೈಡ್ ಬೇಕು ಎಂದ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅವನು ಮಾಡಿದ ಅತ್ಯಂತ ಬುದ್ಧಿವಂತ ತೀರ್ಮಾನ ಇದೇ.

ನಾನು ಬೇಟೆಯವನಲ್ಲ. ಕರಾರು ಓದುವುದು ನನ್ನ ಹೊಟ್ಟೆಪಾಡು, ಹಾಗಾಗಿ ನನ್ನನ್ನು ಜೊತೆಗೆ ಎಳೆದುಕೊಂಡ. ನಮ್ಮ ಕರ್ನಾಟಕದಲ್ಲಿ ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದರ ಮೇಲೆ ಕೋವಿ ಎತ್ತುವ ಮಾತೇ ಇಲ್ಲ. ದರೋಜಿಯ ಬಂಡೆಗಳ ಮೇಲೆ ಓಡಾಡುವ ಕರಡಿ ನೋಡಿದವರಿಗೆ ಅಲಾಸ್ಕಾದ ಈ ಲೆಕ್ಕಾಚಾರ ಒಗ್ಗುವುದು ಕಷ್ಟ. ನನಗೂ ಪೂರ್ತಿ ಒಗ್ಗಿಲ್ಲ. ಆದರೂ ಇಲ್ಲಿ ಕಾನೂನು ಒಪ್ಪಿದ ಬೇಟೆ ಇದೆ, ಅದಕ್ಕೊಂದು ಮಾರುಕಟ್ಟೆ ಇದೆ. ಆ ಮಾರುಕಟ್ಟೆ ನಡೆಯುವ ರೀತಿ ಕುತೂಹಲದ್ದು.

ಮೊದಲು ನಿವಾಸಿ ಎಂದರೆ ಯಾರು ಎನ್ನುವುದು ಇತ್ಯರ್ಥವಾಗಬೇಕಿತ್ತು. ಲೈಸೆನ್ಸ್ ತೆಗೆದುಕೊಳ್ಳುವ ದಿನದಿಂದ ಹಿಂದಕ್ಕೆ ಎಣಿಸಿದರೆ 12 ತಿಂಗಳು ಬಿಡದೆ ಅಲಾಸ್ಕಾದಲ್ಲೇ ಮನೆ ಮಾಡಿಕೊಂಡಿರಬೇಕು. ಮುಂದೆಯೂ ಇಲ್ಲೇ ಇರುವ ಉದ್ದೇಶ ಇರಬೇಕು. ಬೇರೆ ರಾಜ್ಯದಲ್ಲಾಗಲಿ, ಬೇರೆ ದೇಶದಲ್ಲಾಗಲಿ ನಿವಾಸಿ ಎಂದು ಹೇಳಿಕೊಂಡು ಸವಲತ್ತು ಪಡೆಯುತ್ತಿರಬಾರದು. ಅಮೆರಿಕದ ಪ್ರಜೆಯೇ ಆಗಿರಬೇಕು ಎಂದೇನಿಲ್ಲ, ಕಾನೂನಿನ ವ್ಯಾಖ್ಯಾನದೊಳಗೆ ವಿದೇಶಿಯೂ ಸೇರುತ್ತಾನೆ. ಗೆಳೆಯನಿಗೆ ಮೊದಲ ವರ್ಷ ಸುಮ್ಮನಿರಬೇಕಾಯಿತು. ಅವಸರಪಟ್ಟು ನಿವಾಸಿ ಎಂದು ಬರೆಸಿದ್ದರೆ ಅದು ಅಪರಾಧ, ಇಂಥ ಸುಳ್ಳನ್ನು ಇಲ್ಲಿನ ವನ್ಯಜೀವಿ ಪೊಲೀಸರು ಚೆನ್ನಾಗಿಯೇ ಬೆನ್ನತ್ತುತ್ತಾರೆ.

ಇದನ್ನು ಓದುವ ಎಚ್-1ಬಿ ಗೆಳೆಯರಿಗೆ ಒಂದು ಮಾತು. ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನು ತಡೆ ಹಾಕಿದೆ. ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಬೆಂಗಳೂರಿನಲ್ಲಿರುವ ತಮ್ಮನನ್ನೂ ಕರೆಸಿಕೊಳ್ಳಲೇ ಎಂದು ಗೆಳೆಯ ಒಮ್ಮೆ ಕೇಳಿದ. ಅಣ್ಣ ಅಲಾಸ್ಕಾ ನಿವಾಸಿಯಾದರೂ ಉಪಯೋಗವಿಲ್ಲ. ವಿದೇಶದಿಂದ ಬಂದವನಿಗೆ ದೊಡ್ಡ ಪ್ರಾಣಿ ಯಾವುದಾದರೂ ಗೈಡ್ ಬೇಕೇ ಬೇಕು, ಲೈಸೆನ್ಸಿಗೆ 630 ಡಾಲರ್, ಕಂದು ಕರಡಿ ಟ್ಯಾಗಿಗೆ 1,300 ಡಾಲರ್. ತಮ್ಮನ ವಿಷಯ ಅಲ್ಲಿಗೇ ನಿಂತಿತು.

ಇನ್ನು ಅಸಲಿ ಹುಡುಕಾಟ. ಪರ್ಯಾಯ ದ್ವೀಪದಲ್ಲಿ ಗೈಡ್ ಜೊತೆಗಿನ ಕಂದು ಕರಡಿ ಬೇಟೆಗೆ ಹೊರಗಿನವರು 20,000 ಡಾಲರಿಗೂ ಜಾಸ್ತಿ ಕೊಡುತ್ತಾರೆ, ಅದೂ ಒಂದೆರಡು ವರ್ಷ ಮೊದಲೇ ಜಾಗ ಹಿಡಿದು. ಗೆಳೆಯ ಸಾಲಾಗಿ ಔಟ್‌ಫಿಟರ್‌ಗಳಿಗೆ, ಅಂದರೆ ಗೈಡ್, ಡೇರೆ ಎಲ್ಲ ಹೊಂದಿಸಿ ಬೇಟೆ ಏರ್ಪಡಿಸುವವರಿಗೆ, ಬರೆದ. ನಾನು ಇಲ್ಲಿಯವನೇ, ನಿವಾಸಿಗಳಿಗೆ ಏನಾದರೂ ರಿಯಾಯಿತಿ ಇದೆಯಾ ಎಂದು ಕೇಳಿದ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಜಾಗ ಇಲ್ಲ ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಅದೇ ಕಥೆ. ಟೆಕ್ಸಸ್‌ನಲ್ಲೇ ಇದ್ದಿದ್ದರೆ ಕೆಂಪು ಹಾಸು ಹಾಸುತ್ತಿದ್ದರು ಎಂದು ಗೆಳೆಯ ಗೊಣಗಿದ.

ಆದರೆ ಒಬ್ಬ ಹಳೆಯ ಔಟ್‌ಫಿಟರ್ ಫೋನಿನಲ್ಲಿ ಮುಚ್ಚುಮರೆ ಇಲ್ಲದೆ ಕಾರಣ ಹೇಳಿದ. ಟೆಕ್ಸಸ್‌ನವನಿಗೆ ಕಣಿವೆ ತೋರಿಸಿದರೆ ಅವನು ಗೈಡ್ ಇಲ್ಲದೆ ವಾಪಸ್ ಬರುವಂತಿಲ್ಲ. ನಿನಗೆ ತೋರಿಸಿದರೆ ಮುಂದಿನ ಸೀಸನ್‌ಗೆ ನೀನೇ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು, ವಿಮಾನ ಬಾಡಿಗೆ ಹಿಡಿದು, ನನ್ನ ಡೇರೆಯ ಪಕ್ಕದಲ್ಲೇ ಇಳಿಯುತ್ತೀಯ. ಅದನ್ನು ತಡೆಯಲು ನನ್ನ ಹತ್ತಿರ ಏನೂ ಇಲ್ಲ.

ಮಾತು ನಿಜ, ಅದರ ಹಿಂದೆ ಒಂದು ಇತಿಹಾಸವೂ ಇದೆ. ಹಿಂದೆ ಅಲಾಸ್ಕಾ ರಾಜ್ಯ ಗೈಡ್‌ಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಪ್ರದೇಶ ಎಂದು ಹಂಚಿಕೊಟ್ಟಿತ್ತು. ಆ ಪ್ರದೇಶದಲ್ಲಿ ಇನ್ನೊಬ್ಬ ಗೈಡ್ ಗಿರಾಕಿ ಕರೆತರುವಂತಿರಲಿಲ್ಲ. 1988ರಲ್ಲಿ ಓವ್ಸಿಚೆಕ್ ಪ್ರಕರಣದಲ್ಲಿ ಅಲಾಸ್ಕಾ ಸುಪ್ರೀಂ ಕೋರ್ಟ್ ಈ ಏಕಸ್ವಾಮ್ಯವನ್ನು ಕಿತ್ತುಹಾಕಿತು. ವನ್ಯಜೀವಿ ಎಲ್ಲ ಜನರ ಸಮಾನ ಬಳಕೆಗೆ ಎಂದು ರಾಜ್ಯದ ಸಂವಿಧಾನವೇ ಹೇಳುತ್ತದೆ, ಒಬ್ಬನಿಗೆ ಬರೆದುಕೊಡಲು ಬರುವುದಿಲ್ಲ ಎಂದಿತು. ಅಲ್ಲಿಂದಾಚೆಗೆ ರಾಜ್ಯದ ಜಮೀನಿನಲ್ಲಿ ಗೈಡ್‌ಗಳ ಗುಂಪೇ ಇದೆ. ಫೆಡರಲ್ ಸರ್ಕಾರದ ವನ್ಯಜೀವಿ ರೆಫ್ಯೂಜ್‌ಗಳಲ್ಲಿ ಮಾತ್ರ ಹಳೆಯ ಪದ್ಧತಿಯಂಥದ್ದೇ ಉಳಿದಿದೆ. ಅರ್ಜಿ ಕರೆದು, ಸ್ಪರ್ಧೆಯಲ್ಲಿ ಗೆದ್ದವನಿಗೆ ಪ್ರದೇಶ ಕೊಡುತ್ತಾರೆ. ಎಷ್ಟು ಗಿರಾಕಿ ತರಬಹುದು ಎನ್ನುವುದಕ್ಕೂ ಮಿತಿ ಹಾಕುತ್ತಾರೆ. ಕೈಯಲ್ಲಿ ಎಣಿಸಿದಷ್ಟು ಜಾಗ ಇರುವಾಗ ಅದರಲ್ಲಿ ಒಂದನ್ನು ಕಡಿಮೆ ದರಕ್ಕೆ ಆಂಕರೇಜ್‌ನವನಿಗೆ ಯಾರು ಕೊಡುತ್ತಾರೆ? ನಾನಾದರೂ ಕೊಡುತ್ತಿರಲಿಲ್ಲ.

ಗೆಳೆಯನಿಗೆ ಮೊದಲಿನಿಂದ ಕೊಡಿಯಾಕ್ ದ್ವೀಪದ ಹುಚ್ಚು. ಜಗತ್ತಿನ ಅತಿ ದೊಡ್ಡ ಕಂದು ಕರಡಿಗಳು ಅಲ್ಲಿವೆ, ದ್ವೀಪ ಸಮೂಹದಲ್ಲಿ ಸುಮಾರು 3,500. ಅಲ್ಲಿ ಪರ್ಮಿಟ್ ಲಾಟರಿಯಲ್ಲಿ ಸಿಗುತ್ತದೆ. ಅರ್ಜಿ ನವೆಂಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ, ಫಲಿತಾಂಶ ಫೆಬ್ರವರಿಯಲ್ಲಿ. ಪರ್ಮಿಟ್‌ಗಳಲ್ಲಿ ಕನಿಷ್ಠ ಶೇಕಡ 60 ನಿವಾಸಿಗಳಿಗೆ ಮೀಸಲು. ಆದರೂ ಒಳ್ಳೆಯ ಜಾಗಗಳಿಗೆ ಅರ್ಜಿ ಹಾಕುವವರು ಜಾಸ್ತಿ, ಸಿಗುವ ಸಂಭವ ತೀರಾ ಕಡಿಮೆ. ಹೊರಗಿನ ಗಿರಾಕಿ ಕೈಕೊಟ್ಟರೆ ಅವನ ಪರ್ಮಿಟ್ಟನ್ನು ಗೈಡ್ ಈ ನಿವಾಸಿಗೆ ದಾಟಿಸುವಂತೆಯೂ ಇಲ್ಲ. ಎರಡರ ಬುಟ್ಟಿಯೇ ಬೇರೆ. ಕೊಡಿಯಾಕ್ ಆಸೆಯನ್ನು ಬದಿಗಿಡು ಎಂದು ಹೇಳಿ ಹೇಳಿ ಸಾಕಾಯಿತು.

ಇಷ್ಟರಲ್ಲಿ ಒಂದು ಅಗ್ಗದ ಮಾತು ಬಂತು. ಪರಿಚಯದವರ ಪರಿಚಯ. ಅಸಿಸ್ಟೆಂಟ್ ಗೈಡ್ ಆಗಿ ಹಲವು ಸೀಸನ್ ದುಡಿದವನು. ಔಟ್‌ಫಿಟರ್ ಯಾಕೆ, ನಾನೇ ಕರೆದುಕೊಂಡು ಹೋಗುತ್ತೇನೆ, ನಗದು ಕೊಡು, ಕಾಗದ ಪತ್ರ ಏನೂ ಬೇಡ ಎಂದ. ಹೇಳಿದ ದರ ಮಾರುಕಟ್ಟೆಯ ಕಾಲು ಭಾಗ. ಗೆಳೆಯ ಕರಗಿಬಿಟ್ಟ. ಆಸಾಮಿ ಒಳ್ಳೆಯವನೇ, ಕರಡಿ ಗೊತ್ತಿರುವವನೇ, ಅದರಲ್ಲಿ ಅನುಮಾನವಿಲ್ಲ.

ಆದರೆ ಇಲ್ಲಿ ಲೈಸೆನ್ಸಿನ ಮೆಟ್ಟಿಲು ಬಿಗಿಯಾಗಿದೆ. ಗಿರಾಕಿಯ ಜೊತೆ ಬೇಟೆಯ ಕರಾರು ಮಾಡಿಕೊಳ್ಳುವ ಹಕ್ಕು ರಿಜಿಸ್ಟರ್ಡ್ ಗೈಡ್-ಔಟ್‌ಫಿಟರ್‌ಗೆ, ಅವನ ಮೇಲಿನ ಮಾಸ್ಟರ್ ಗೈಡ್‌ಗೆ ಮಾತ್ರ. ಅಸಿಸ್ಟೆಂಟ್ ಗೈಡ್ ಅವರ ಕೈಕೆಳಗೆ ಕೆಲಸ ಮಾಡಬಹುದು, ತಾನೇ ಗಿರಾಕಿ ಹಿಡಿಯುವಂತಿಲ್ಲ. ಟ್ರಾನ್ಸ್‌ಪೋರ್ಟರ್ ಎನ್ನುವವನು ಇನ್ನೊಂದು ಜಾತಿ. ಕರೆದೊಯ್ದು ಬಿಡುತ್ತಾನೆ, ವಾಪಸ್ ತರುತ್ತಾನೆ, ಅಷ್ಟೇ. ಕರಡಿ ಹುಡುಕಿಕೊಡುವುದು, ಚರ್ಮ ಬಿಡಿಸುವುದು ಅವನ ಕೆಲಸವಲ್ಲ. ದುಡ್ಡು ತೆಗೆದುಕೊಂಡು ಇದನ್ನೆಲ್ಲ ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ. ಸ್ನೇಹಿತನ ಜೊತೆ ಸ್ನೇಹಕ್ಕೆ ಹೋದರೆ ತಪ್ಪಿಲ್ಲ, ದುಡ್ಡು ಕೈ ಬದಲಾಯಿಸಿದ ಕ್ಷಣ ಅದು ವ್ಯಾಪಾರ. ಅದರ ಮೇಲೆ ಫೆಡರಲ್ ಲೇಸಿ ಕಾಯ್ದೆ ಇದೆ. ಅಕ್ರಮ ಬೇಟೆಗೆ ದುಡ್ಡು ಪಡೆದು ಗೈಡ್ ಆಗುವುದನ್ನೂ, ದುಡ್ಡು ಕೊಟ್ಟು ಆ ಸೇವೆ ಪಡೆಯುವುದನ್ನೂ ಆ ಕಾಯ್ದೆ ವನ್ಯಜೀವಿಯ ಮಾರಾಟ, ಖರೀದಿ ಎಂದೇ ಪರಿಗಣಿಸುತ್ತದೆ. ಗ್ರೀನ್ ಕಾರ್ಡ್ ಇಟ್ಟುಕೊಂಡು ಪೌರತ್ವಕ್ಕೆ ಕಾಯುತ್ತಿರುವವನು ಫೆಡರಲ್ ಕೇಸ್ ಮೈಮೇಲೆ ಎಳೆದುಕೊಳ್ಳುವುದೇ? ಈ ಒಂದು ಮಾತಿಗೆ ಅವನು ತಣ್ಣಗಾದ.

ಲೈಸೆನ್ಸ್ ಪರೀಕ್ಷಿಸುವುದು ಕಷ್ಟದ ಕೆಲಸವಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಗೈಡ್‌ಗಳನ್ನು ನೋಡಿಕೊಳ್ಳುವುದು ಬಿಗ್ ಗೇಮ್ ಕಮರ್ಷಿಯಲ್ ಸರ್ವಿಸಸ್ ಬೋರ್ಡ್. ರಾಜ್ಯದ ವಾಣಿಜ್ಯ ಇಲಾಖೆಯ ದಾಖಲೆಯಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಯಾವ ಬಗೆಯದು, ಚಾಲ್ತಿಯಲ್ಲಿದೆಯೇ ಎನ್ನುವುದು ಯಾರಿಗೆ ಬೇಕಾದರೂ ಕಾಣುತ್ತದೆ. ಅಲಾಸ್ಕಾದಲ್ಲಿ 26 ಬೇಟೆ ವಲಯಗಳಿವೆ, ಗೈಡ್ ತಾನು ಪರೀಕ್ಷೆ ಪಾಸಾದ ವಲಯದಲ್ಲಿ ಮಾತ್ರ ಕೆಲಸ ಮಾಡಬಹುದು. ಒಮ್ಮೆಗೆ ಸಾಮಾನ್ಯವಾಗಿ ಮೂರು ಪ್ರದೇಶಗಳಲ್ಲಷ್ಟೇ ಹೆಸರು ನೋಂದಾಯಿಸಬಹುದು. ಹೀಗಾಗಿ ಅವನು ಹೇಳುವ ಕಣಿವೆಗೂ ಅವನ ನೋಂದಣಿಗೂ ತಾಳೆಯಾಗುತ್ತದೆಯೇ ನೋಡಬೇಕು. ಫೋಟೋಗಳಲ್ಲಿ ಎಷ್ಟು ದೊಡ್ಡ ಕರಡಿ ಇದ್ದರೂ ಇದರ ಮುಂದೆ ಕಸ.

ಸರಿ, ದಾರಿ ಸಿಕ್ಕಿದ್ದು ಹೇಗೆ? ರಿಯಾಯಿತಿ ಕೇಳುವುದನ್ನು ಬಿಟ್ಟಾಗ. ನಿವಾಸಿಗೆ ಇರುವ ನಿಜವಾದ ಬಲ ಅವನು ಹತ್ತಿರದಲ್ಲಿ ಇದ್ದಾನೆ ಎನ್ನುವುದು. ಟೆಕ್ಸಸ್‌ನವನು ಒಂದು ವಾರದಲ್ಲಿ ರಜೆ, ಟಿಕೆಟ್, ಟ್ಯಾಗ್ ಎಲ್ಲ ಹೊಂದಿಸಿಕೊಂಡು ಬರಲಾರ. ಆಂಕರೇಜ್‌ನವನು ನಾಳೆ ಬೆಳಿಗ್ಗೆ ಪರ್ಯಾಯ ದ್ವೀಪದ ಚಿಕ್ಕ ಊರು ಕಿಂಗ್ ಸಾಮನ್‌ಗೆ ವಿಮಾನ ಹತ್ತಬಹುದು.

ಅದಕ್ಕೆ ತಕ್ಕ ಜಾಗ ವಲಯ 9, ಅಂದರೆ ಪರ್ಯಾಯ ದ್ವೀಪ. ಅಲ್ಲಿ ಕೊಡಿಯಾಕ್‌ನಂತೆ ಲಾಟರಿ ಇಲ್ಲ, ಬರೆಸಿಕೊಂಡರೆ ಪರ್ಮಿಟ್ ಸಿಗುತ್ತದೆ. ಸಮ ವರ್ಷಗಳಲ್ಲಿ ಮೇ ತಿಂಗಳ ಬೇಟೆ, ಬೆಸ ವರ್ಷಗಳಲ್ಲಿ ಅಕ್ಟೋಬರ್ ಬೇಟೆ, ಎರಡೂ ಕೆಲವೇ ವಾರ. ಒಬ್ಬರಿಗೆ ನಾಲ್ಕು ವರ್ಷಕ್ಕೆ ಒಂದೇ ಕರಡಿ. ಸೀಸನ್ ಇಷ್ಟು ಚಿಕ್ಕದಿರುವುದರಿಂದ ಗಿರಾಕಿ ಕೊನೆಗಳಿಗೆಯಲ್ಲಿ ಕೈಕೊಟ್ಟರೆ ಆ ಜಾಗ ಹಾಗೇ ಕೊಳೆಯುತ್ತದೆ. ಡೇರೆ ಹಾಕಿಯಾಗಿದೆ, ಪೈಲಟ್ ಕಾದಿದ್ದಾನೆ, ಗೈಡ್ ಸಂಬಳ ಕೊಡಲೇಬೇಕು. ಇನ್ನೊಂದು ಕಡೆ ಕೈಕೊಟ್ಟವನ ಮುಂಗಡ ವಾಪಸ್ ಹೋಗುವುದಿಲ್ಲ, ಅದು ಸಾಮಾನ್ಯವಾಗಿ ಅರ್ಧ ಮೊತ್ತ. ಆಗ ಅರ್ಧ ಬೆಲೆ ಕೊಡುವ ಊರಿನವನು ಬಂದರೆ ಔಟ್‌ಫಿಟರ್‌ಗೆ ಲೆಕ್ಕ ಪೂರ್ತಿಯಾಯಿತು. ರಿಯಾಯಿತಿ ಎಂದು ಅವನಿಗೆ ಅನಿಸುವುದೇ ಇಲ್ಲ.

ಗೆಳೆಯನ ಹೊಸ ಪತ್ರ ನಾವು ಇಬ್ಬರೂ ಕೂತು ಬರೆದದ್ದು. ಚಿಕ್ಕದು. 'ನಾನು ಆಂಕರೇಜ್ ನಿವಾಸಿ. ವಲಯ 9ರ ಮೇ ಸೀಸನ್‌ನಲ್ಲಿ ಯಾರಾದರೂ ರದ್ದು ಮಾಡಿದರೆ 48 ಗಂಟೆಯಲ್ಲಿ ಕಿಂಗ್ ಸಾಮನ್‌ನಲ್ಲಿ ಇರುತ್ತೇನೆ. ಲೈಸೆನ್ಸ್, ಟ್ಯಾಗ್ ಸಿದ್ಧ. .375 ರೈಫಲ್, 100 ಗಜದಲ್ಲಿ ಕೂತು ಹೊಡೆಯುತ್ತೇನೆ, ಗುರಿ ಹಾಳೆಯ ಫೋಟೋ ಜೊತೆಗಿದೆ. ಹೆಗಲ ಮೇಲೆ 30 ಕಿಲೋ ಹೊತ್ತು ಗುಡ್ಡ ಹತ್ತುತ್ತೇನೆ. ನಿಮ್ಮ ಕಣಿವೆಗೆ ಮುಂದೆ ನಾನಾಗಲಿ ನನ್ನವರಾಗಲಿ ಗೈಡ್ ಇಲ್ಲದೆ ಬರುವುದಿಲ್ಲ ಎಂದು ಮಾತು ಕೊಡುತ್ತೇನೆ.' ಬೆಲೆಯ ಮಾತೇ ಎತ್ತಲಿಲ್ಲ. ಕೊನೆಯ ಸಾಲು ಕೋರ್ಟಿನಲ್ಲಿ ನಿಲ್ಲುವಂಥದ್ದಲ್ಲ, ಸಾರ್ವಜನಿಕ ಜಮೀನಿಗೆ ಬರಬೇಡ ಎಂದು ಯಾರೂ ಕಟ್ಟಿಹಾಕಲಾರರು. ಆದರೆ ಔಟ್‌ಫಿಟರ್‌ನ ಹೊಟ್ಟೆಯೊಳಗಿನ ಭಯಕ್ಕೆ ಅದೇ ಉತ್ತರ. ಈ ಸಲ ಬಹುಪಾಲು ಎಲ್ಲರೂ ಬರೆದರು. ಹೆಸರು ಪಟ್ಟಿಗೆ ಹಾಕಿಕೊಳ್ಳುತ್ತೇವೆ ಎಂದರು.

ಏಪ್ರಿಲ್ ಕೊನೆಗೆ ಫೋನ್ ಬಂತು. ಮಿನೆಸೋಟದ ಗಿರಾಕಿಗೆ ಮಂಡಿ ಆಪರೇಷನ್. ಕೇಳಿದ ದರ ಮೂಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಗೆಳೆಯನ ಹೆಂಡತಿ ಆ ಮೊತ್ತಕ್ಕೆ ಮನೆಯ ಅಡಿಗೆಕೋಣೆ ಹೊಸದಾಗಿ ಕಟ್ಟಿಸಬಹುದಿತ್ತು ಎಂದಳು. ಅದೂ ನ್ಯಾಯವೇ.

ಕರಾರು ನನ್ನ ಕೈಗೆ ಬಂತು. ಇಲ್ಲಿ ಬೇಟೆಗೆ ಮೊದಲು ಲಿಖಿತ ಕರಾರು ಕಡ್ಡಾಯ, ಬಾಯಿಮಾತು ನಡೆಯುವುದಿಲ್ಲ. ಕರಡಿ ಸಿಗದಿದ್ದರೆ ದುಡ್ಡು ವಾಪಸ್ ಇಲ್ಲ ಎಂದಿತ್ತು, ಅದು ಎಲ್ಲ ಕಡೆ ಇರುವ ಮಾತು. ಗಾಯಗೊಂಡು ಕೈತಪ್ಪಿದ ಕರಡಿಯೂ ನಿನ್ನ ಕರಡಿಯೇ, ಅಲ್ಲಿಗೆ ಬೇಟೆ ಮುಗಿಯಿತು ಎಂದಿತ್ತು. ಇದು ಸರಿಯೇ ಎನಿಸಿತು, ಬಿಟ್ಟೆ. ನಾನು ಜಗಳ ಆಡಿದ್ದು ಇನ್ನೊಂದು ಸಾಲಿಗೆ. ಗೈಡ್ ಜೊತೆಗಿನ ಬೇಟೆ ಎಂದಷ್ಟೇ ಬರೆದಿತ್ತು, ಒಬ್ಬ ಗೈಡಿಗೆ ಎಷ್ಟು ಗಿರಾಕಿ ಎಂದು ಇರಲಿಲ್ಲ. ಹೊರಗಿನವನಿಗಾದರೆ ಕಾನೂನೇ ಗೈಡನ್ನು ಪಕ್ಕದಲ್ಲಿ ನಿಲ್ಲಿಸುತ್ತದೆ. ನಿವಾಸಿಗೆ ಆ ಆಸರೆ ಇಲ್ಲ, ಡೇರೆ ತೋರಿಸಿ ನೀನೇ ಹೋಗಿಬಾ ಎಂದರೂ ಕಾನೂನಿನ ಅಡ್ಡಿಯಿಲ್ಲ. ಹಾಗಾಗಿ ನಿವಾಸಿಯ ಕರಾರಿನಲ್ಲಿ ಪ್ರತಿಯೊಂದನ್ನೂ ಬರೆಸಬೇಕು: ಒಬ್ಬ ಗಿರಾಕಿಗೆ ಒಬ್ಬ ಗೈಡ್, ಗುಂಡು ಹಾರಿಸುವಾಗ ಪಕ್ಕದಲ್ಲಿ, ಗಾಯಗೊಂಡರೆ ಪೊದೆಗೆ ಜೊತೆಯಲ್ಲಿ, ಚರ್ಮ ಬಿಡಿಸುವುದೂ ಹೊರುವುದೂ ದರದೊಳಗೆ. ಹವಾಮಾನ ಕೆಟ್ಟು ಕಿಂಗ್ ಸಾಮನ್‌ನಲ್ಲೇ ಕೂತರೆ ಆ ದಿನಗಳ ಗತಿ ಏನು ಎನ್ನುವುದನ್ನೂ ಸೇರಿಸಿದೆವು. ಔಟ್‌ಫಿಟರ್ ಗೊಣಗದೆ ಸಹಿ ಹಾಕಿದ. ಇದನ್ನೆಲ್ಲ ಕೇಳಿದ ಮೊದಲ ಆಂಕರೇಜಿಗ ನೀನೇ ಎಂದನಂತೆ.

ಬೇಟೆಯ ಕಥೆ ಗೆಳೆಯನ ಬಾಯಿಂದ ಕೇಳಿದ್ದು. ಕಿಂಗ್ ಸಾಮನ್‌ನಿಂದ ಸೂಪರ್ ಕಬ್, ದಪ್ಪ ಟೈರಿನ ಎರಡೇ ಸೀಟಿನ ಚಿಕ್ಕ ವಿಮಾನ. ಜಲ್ಲಿ ದಿಬ್ಬದ ಮೇಲೆ ಇಳಿಸಿತು. ಹಾರಿ ಬಂದ ದಿನ ಬೇಟೆಯಾಡುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ಕಾಯಬೇಕು. ಮೇಲಿನಿಂದ ಕರಡಿ ನೋಡಿಟ್ಟು ಇಳಿದು ಹೊಡೆಯದಿರಲಿ ಎಂದು ಈ ನಿಯಮ. ಇಳಿದ ಸಂಜೆಯೇ ನದಿಯಾಚೆ ಒಂದು ದೊಡ್ಡ ಗಂಡು ಕಂಡಿತು. ಕೋವಿ ಡೇರೆಯಲ್ಲೇ ಉಳಿಯಿತು. ಮರುದಿನ ಅದು ಇರಲಿಲ್ಲ.

ಆಮೇಲೆ ಬರೀ ಗುಡ್ಡದ ಮೇಲೆ ಕೂತು ದುರ್ಬೀನಿನಲ್ಲಿ ನೋಡುವ ಕೆಲಸ. ಗಾಳಿ, ಮಳೆ, ಮತ್ತೆ ಗಾಳಿ. ಒಂದು ದಿನ ಆಲ್ಡರ್ ಪೊದೆಯ ಅಂಚಿನಲ್ಲಿ ಕರಡಿ ಬಂತು, 200 ಗಜ ದೂರ. ಗೆಳೆಯನಿಗೆ ಕೈ ನಡುಗಿತಂತೆ. ಗೈಡ್ ದೂರದರ್ಶಕ ಇಟ್ಟು ಎಷ್ಟೋ ಹೊತ್ತು ನೋಡಿದ. ಪೃಷ್ಠದ ಮೇಲೆ ಎರಡು ತಿಳಿ ಬಣ್ಣದ ತೇಪೆ ಇತ್ತು. ಚಳಿಗಾಲದ ಗುಹೆ ಬಿಟ್ಟ ಮೇಲೆ ಕರಡಿ ಮೈ ಉಜ್ಜಿಕೊಳ್ಳುತ್ತದೆ, ಮೇ ಸರಿದಂತೆ ತುಪ್ಪಳ ಸವೆಯುತ್ತದೆ. ಇಂಥ ಚರ್ಮಕ್ಕೆ ನಾಲ್ಕು ವರ್ಷದ ಅವಕಾಶ ಸುಡಬೇಡ, ಆದರೆ ಗಂಡು, ಕಾನೂನಿನ ಪ್ರಕಾರ ಹೊಡೆಯಬಹುದು, ನಿನ್ನ ಇಷ್ಟ ಎಂದ. ಗೆಳೆಯ ಬೇಡ ಎಂದ. ಇನ್ನೊಂದು ಬಾರಿ ಕಂಡದ್ದು ದೊಡ್ಡ ಒಂಟಿ ಕರಡಿ ಎಂದೇ ಇಬ್ಬರೂ ತಿಳಿದಿದ್ದರು. ಗೈಡ್ ಕಾಯೋಣ ಎಂದ. ಹತ್ತು ನಿಮಿಷ ಬಿಟ್ಟು ಪೊದೆಯಿಂದ ಎರಡು ಮರಿಗಳು ಹೊರಬಂದವು. ಮರಿಯನ್ನಾಗಲಿ ಮರಿ ಇರುವ ತಾಯಿಯನ್ನಾಗಲಿ ಹೊಡೆಯುವಂತಿಲ್ಲ. ಒಬ್ಬನೇ ಹೋಗಿದ್ದರೆ ಆ ಹತ್ತು ನಿಮಿಷ ನಾನು ಕಾಯುತ್ತಿದ್ದೆನೋ ಇಲ್ಲವೋ ಎಂದು ಗೆಳೆಯ ಹೇಳಿದ. ಅವನು ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಹತ್ತು ನಿಮಿಷಕ್ಕೇ ಹೋಯಿತು ಎನ್ನುವುದು ನನ್ನ ಲೆಕ್ಕ.

ಸೀಸನ್ ಮುಗಿಯಿತು, ಕರಡಿ ಸಿಗಲಿಲ್ಲ. ಸಿಕ್ಕಿದ್ದರೆ ಚರ್ಮ ಮತ್ತು ತಲೆಬುರುಡೆ ಎರಡನ್ನೂ ತಂದು ಇಲಾಖೆಯಲ್ಲಿ ಮುದ್ರೆ ಹಾಕಿಸಬೇಕಿತ್ತು. ಅಲ್ಲಿ ಬುರುಡೆ ಅಳೆದು, ವಯಸ್ಸು ತಿಳಿಯಲು ಒಂದು ಚಿಕ್ಕ ಹಲ್ಲು ಕಿತ್ತುಕೊಳ್ಳುತ್ತಾರೆ. ಆ ಕೆಲಸವೇನೂ ಬೀಳಲಿಲ್ಲ. ಕರಡಿ ಹೊಡೆಯದ ಕಾರಣ ನಾಲ್ಕು ವರ್ಷದ ಎಣಿಕೆಯೂ ಶುರುವಾಗಿಲ್ಲ. ದುಡ್ಡು ಹೋಯಿತು, ಕರಾರಿನಂತೆ.

ಗೆಳೆಯ ಡಿಸೆಂಬರಿನಲ್ಲಿ ಮತ್ತೆ ಕೊಡಿಯಾಕ್ ಲಾಟರಿಗೆ ಅರ್ಜಿ ಹಾಕಿದ್ದಾನೆ, ನನ್ನ ಮಾತು ಕೇಳದೆ. ಔಟ್‌ಫಿಟರ್ ತನ್ನ ಪಟ್ಟಿಯಲ್ಲಿ ಅವನ ಹೆಸರು ಉಳಿಸಿಕೊಂಡಿದ್ದಾನೆ. ಬೆಸ ವರ್ಷದ ಅಕ್ಟೋಬರಿನಲ್ಲಿ ಯಾರಾದರೂ ಕೈಕೊಟ್ಟರೆ ಮೊದಲ ಫೋನ್ ಇವನಿಗೇ ಎಂದಿದ್ದಾನೆ, ಅದೇ ದರಕ್ಕೆ. ಅಡಿಗೆಕೋಣೆಯ ಕೆಲಸ ಮಾತ್ರ ಈ ಬೇಸಿಗೆಯಲ್ಲೇ ಶುರುವಾಗಿದೆ.